ಯುದ್ಧದ ಸುದ್ದಿ ಮತ್ತು ಸತ್ಯದ ಅಮಾನತ್



ದೂರದ ಯುದ್ಧ ನಮಗೇನು ಎಂದು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಾವು ಸುಮ್ಮನಿರಲಾಗದು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯ ಮಗ. ದಾಳಿಯ ಉದ್ದೇಶವೇ ಇಲ್ಲವೆಂದು ರಷ್ಯಾ ಸರಕಾರ ಹೇಳುತ್ತಲೇ ಇತ್ತು. ಫೆಬ್ರವರಿ 24ರಂದು ಸೇನೆ ನುಗ್ಗಿಸಿತು. 2003ರಲ್ಲಿ ಅಮೆರಿಕವು ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಹೇಳಿ ಇರಾಕ್ ಮೇಲೆ ಎರಗಿತು. ಅಸ್ತ್ರಗಳು ಸಿಗಲಿಲ್ಲ, ಹೋದ ಜೀವಗಳು ಮರಳಲಿಲ್ಲ.

ಅಧಿಕಾರ ಒಂದು ಅಮಾನತ್. ಅದನ್ನು ಹೊತ್ತವರು ಜನರಿಗೆ ಸುಳ್ಳು ಹೇಳುವುದು ವಿಶ್ವಾಸದ್ರೋಹ. ಆದರೆ ನಮ್ಮ ಹೊಣೆಯೂ ಇದೆ. ನಂಬಲಾಗದವರು ತಂದ ಸುದ್ದಿಯನ್ನು ಪರಿಶೀಲಿಸದೆ ನಡೆದರೆ ಅರಿಯದೆ ಯಾರಿಗೋ ಹಾನಿ ಮಾಡುತ್ತೇವೆ ಎಂದು ಸೂರಃ ಅಲ್ ಹುಜುರಾತ್‌ನ 6ನೇ ಆಯತ್ ಎಚ್ಚರಿಸುತ್ತದೆ. ಹಳೆಯ ವೀಡಿಯೋವನ್ನು ಇಂದಿನದೆಂದು ವಾಟ್ಸ್‌ಆಪ್‌ನಲ್ಲಿ ಹಂಚುವುದು, ಅದು ನಮ್ಮ ಮನಸ್ಸಿಗೆ ಹಿಡಿಸುವಂತಿದ್ದರೂ, ಸುಳ್ಳಿನಲ್ಲಿ ಪಾಲು ಪಡೆದಂತೆಯೇ.

ಸೆಕ್ಯುರಿಟಿ ಕೆಲಸವೆಂಬ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಯುದ್ಧಭೂಮಿಗೆ ತಳ್ಳಲ್ಪಟ್ಟು, 2024ರ ಸೆಪ್ಟೆಂಬರ್‌ನಲ್ಲಿ ಮನೆಗೆ ಮರಳಿದರು. ಮಕ್ಕಳನ್ನು ಕಳಿಸುವ ಮುನ್ನ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನೇ ಎಂದು ವಿಚಾರಿಸೋಣ.

ಅಲ್ಲಾಹನು ನಮ್ಮನ್ನು ಸತ್ಯದ ಮೇಲೆ ನಿಲ್ಲಿಸಲಿ, ಯುದ್ಧದಲ್ಲಿ ನೊಂದವರೆಲ್ಲರಿಗೂ ಶಾಂತಿ ಕರುಣಿಸಲಿ. ಆಮೀನ್.