ಮನನೊಂದವರ ಮಾತಿಗೆ ಕಿವಿಗೊಡೋಣ

(ದೇವಣಿಯಲ್ಲಿ ಜರುಗಿದ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಸಂತೋಷದ ಈ ದಿನದಂದು ಸಾವಿನ ಮಾತನ್ನೆತ್ತುವುದು ಉಚಿತವೇ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಪಾಲಕರೂ ಮಕ್ಕಳೂ ಒಂದೇ ಚಪ್ಪರದ ಕೆಳಗೆ ಕೂಡುವುದು ವರ್ಷಕ್ಕೊಮ್ಮೆ. ಇಬ್ಬರೂ ಕೂಡಿ ಕೇಳಬೇಕಾದ ಮಾತನ್ನು ಇಂದೇ ಆಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

2022ನೆಯ ವರ್ಷದಲ್ಲಿ ನಮ್ಮ ದೇಶದ 1,70,924 ಜನರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ಸರಕಾರದ ವರದಿ ಹೇಳುತ್ತದೆ. ಅವರಲ್ಲಿ 13,044 ಜನರು ವಿದ್ಯಾರ್ಥಿಗಳು. ರಾಜ್ಯಗಳ ಪೈಕಿ ಅತ್ಯಧಿಕ ಸಂಖ್ಯೆ ನಮ್ಮ ಮಹಾರಾಷ್ಟ್ರದ್ದೇ ಆಗಿತ್ತು. ನಮ್ಮ ಮರಾಠವಾಡಾದ ಕಷ್ಟವನ್ನು ತಮಗೆ ವಿವರಿಸಬೇಕಾಗಿಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಲಾತೂರಿನ ಜನರಿಗೆ ಕುಡಿಯುವ ನೀರನ್ನು ಮೀರಜದಿಂದ ರೈಲುಗಾಡಿಯಲ್ಲಿ ತರಬೇಕಾಯಿತು. ಮಳೆ ಹೋದರೆ ಬೆಳೆ ಹೋಗುತ್ತದೆ, ಸಾಲ ಉಳಿಯುತ್ತದೆ. ಅತ್ತ ತಂದೆ ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟರೆ, ಇತ್ತ ಡಾಕ್ಟರನಾಗಲೇಬೇಕೆಂಬ ಹೊರೆ ಹೊತ್ತು ಮಗನು ಲಾತೂರಿನ ಕೋಣೆಯೊಂದರಲ್ಲಿ ನಿದ್ದೆಗೆಡುತ್ತಾನೆ. ಆದರೂ ಇಂಥ ಮರಣಕ್ಕೆ ಒಂದೇ ಕಾರಣವೆಂಬುದಿಲ್ಲ. ಸಾಲ, ಸೋಲು, ಅವಮಾನ, ಮನೆಯ ಜಗಳ, ಮನಸ್ಸಿನ ರೋಗ ಇವೆಲ್ಲ ಕೂಡಿಕೊಂಡು ಮನುಷ್ಯನ ಕಣ್ಣಿಗೆ ಕತ್ತಲೆ ಕವಿಯುವಂತೆ ಮಾಡುತ್ತವೆ. ಆ ಕತ್ತಲೆಯಲ್ಲಿ ಅವನಿಗೆ ಬಾಗಿಲು ಕಾಣುವುದಿಲ್ಲ. ಬಾಗಿಲು ಇಲ್ಲವೆಂದು ಇದರ ಅರ್ಥವಲ್ಲ.

ಇಂಥವರು ತಮ್ಮ ನೋವನ್ನು ಯಾರ ಮುಂದೆ ಹೇಳಿಕೊಳ್ಳುತ್ತಾರೆ? ಬಹುಶಃ ನಮ್ಮ ಮುಂದೆ ಅಲ್ಲ. ನಡುರಾತ್ರಿಯಲ್ಲಿ ತಮ್ಮಂತೆಯೇ ನೊಂದ ಅಪರಿಚಿತನೊಬ್ಬನ ಮುಂದೆ, ಹೆಸರು ಮರೆಸಿಕೊಂಡು ಹೇಳುವವರೂ ಉಂಟು. ಇದನ್ನು ಕೇಳಿ ಕೋಪಗೊಳ್ಳುವ ಮೊದಲು ನಾವು ವಿಚಾರ ಮಾಡಬೇಕು. ಆ ಅಪರಿಚಿತನು ಬಯ್ಯುವುದಿಲ್ಲ, ನಗುವುದಿಲ್ಲ, ಉಪದೇಶ ಮಾಡುವುದಿಲ್ಲ. ಮನೆಯಲ್ಲಾದರೋ “ನಿನಗೇನು ಕಡಿಮೆಯಾಗಿದೆ?” ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಮಕ್ಕಳಿಗೆ ಮನೆಯಲ್ಲಿ ಕೇಳುವ ಕಿವಿ ದೊರೆತರೆ ಅವರು ಅದನ್ನು ದೂರ ಹುಡುಕಬೇಕಾಗಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ, ಕಲ್ಲುಮಣ್ಣಿನಡಿ ಸಿಕ್ಕವನ ನರಳಿಕೆಯನ್ನು ಕೇಳಿದವರು “ನೀನು ಆ ಮನೆಯಲ್ಲಿ ಏಕೆ ಮಲಗಿದ್ದೆ?” ಎಂದು ವಿಚಾರಿಸುತ್ತ ನಿಲ್ಲಲಿಲ್ಲ, ಕೈಯಿಂದಲೇ ಮಣ್ಣು ಸರಿಸಿದರು. ಮನಸ್ಸು ಕುಸಿದವನ ವಿಷಯದಲ್ಲಿಯೂ ನಮ್ಮ ಮೊದಲ ಕೆಲಸ ಅದೇ.

ಸಾವಿನ ವಿಷಯ ಕೇಳಿದರೆ ಇಲ್ಲದ ವಿಚಾರ ತಲೆಯಲ್ಲಿ ಹೊಕ್ಕೀತೆಂದು ಅನೇಕರು ಹೆದರುತ್ತಾರೆ. ವೈದ್ಯರು ಇದನ್ನು ಒಪ್ಪುವುದಿಲ್ಲ. “ತಮ್ಮಾ, ಜೀವ ಬೇಡವೆಂದು ಅನಿಸುತ್ತಿದೆಯೇನು?” ಎಂದು ಪ್ರೀತಿಯಿಂದ, ನೇರವಾಗಿ ಕೇಳಿದರೆ ನೊಂದವನ ಎದೆಯ ಭಾರ ಇಳಿಯುತ್ತದೆ. ಸಾಯುವ ಮಾತನ್ನಾಡುವವನು ಸಾಯುವುದಿಲ್ಲವೆಂಬ ನಂಬಿಕೆಯೂ ಸುಳ್ಳು. ಅಂಥ ಮಾತನ್ನು ಎಂದೂ ಹಗುರಾಗಿ ತೆಗೆದುಕೊಳ್ಳಬಾರದು. ಊಟ ನಿದ್ದೆ ಬಿಟ್ಟವನು, ಗೆಳೆಯರಿಂದ ದೂರ ಸರಿದವನು, ತನ್ನ ಪ್ರಿಯ ವಸ್ತುಗಳನ್ನು ಹಂಚಿಬಿಡುವವನು, ಕಡೆಯ ಸಲವೆಂಬಂತೆ ಎಲ್ಲರಿಂದ ಬೀಳ್ಕೊಳ್ಳುವವನು ಕಂಡುಬಂದರೆ ಹತ್ತಿರ ಕುಳಿತುಕೊಳ್ಳಿರಿ. ಅವನನ್ನು ಒಬ್ಬಂಟಿಯಾಗಿ ಬಿಡಬೇಡಿರಿ. ಮನೆಯಲ್ಲಿರುವ ಔಷಧಗಳನ್ನೂ ಹೊಲದ ಔಷಧಗಳನ್ನೂ ಬೀಗದಲ್ಲಿಡಿರಿ. ಆ ಕೆಟ್ಟ ಗಳಿಗೆ ಬಹುಧಾ ಸ್ವಲ್ಪ ಹೊತ್ತಿನದು. ಅದನ್ನು ದಾಟಿಸಿದರೆ ಜೀವ ಉಳಿಯುತ್ತದೆ. ಹಾಗೆ ಉಳಿದವರಲ್ಲಿ ಬಹುಮಂದಿ ಮುಂದೆ ಬಾಳಿ ಬದುಕಿದ್ದಾರೆ.

ಇದಕ್ಕೆ ದೊಡ್ಡ ವಿದ್ಯೆ ಬೇಕೆಂದು ತಿಳಿಯಬೇಡಿರಿ. 1953ರಲ್ಲಿ ಲಂಡನ್ನಿನ ಚಾಡ್ ವಾರಾ ಎಂಬ ಪಾದ್ರಿಗಳು ಇಂಥ ದುಃಖಿಗಳಿಗಾಗಿ ಒಂದು ಟೆಲಿಫೋನನ್ನು ಇಟ್ಟು ಸೇವೆಯನ್ನಾರಂಭಿಸಿದರು. ಅವರನ್ನು ಕಾಣಲು ಬಂದವರು ಸರದಿಗಾಗಿ ಕಾಯುವಾಗ ಸಾಮಾನ್ಯ ಸ್ವಯಂಸೇವಕರು ಚಹ ಕೊಟ್ಟು ಅವರ ಮಾತು ಕೇಳುತ್ತಿದ್ದರು. ಅಷ್ಟರಿಂದಲೇ ಅನೇಕರ ಮನಸ್ಸು ಹಗುರಾಗಿ, ಪಾದ್ರಿಗಳನ್ನು ಕಾಣುವ ಅಗತ್ಯವೇ ಅವರಿಗೆ ಉಳಿಯುತ್ತಿರಲಿಲ್ಲ. ನಮ್ಮ ಕಟ್ಟೆಯ ಮೇಲಿನ ಹಿರಿಯರಿಗೂ ಹಿತ್ತಲಲ್ಲಿ ಕೂಡುವ ತಾಯಂದಿರಿಗೂ ಇದು ಸಾಧ್ಯವಾಗದ ಕೆಲಸವೇ?

ಪೋಲೀಸರ ಹೆದರಿಕೆಯಿಂದ ವಿಷಯ ಮುಚ್ಚಿಡುವ ಕಾಲವೂ ಹೋಯಿತು. 2017ರ ಮಾನಸಿಕ ಆರೋಗ್ಯ ಕಾಯದೆಯು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಮನೋವ್ಯಥೆಯಲ್ಲಿದ್ದನೆಂದೇ ತಿಳಿದು, ಅವನಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಮನಸ್ಸಿನ ರೋಗಕ್ಕೆ ಮದ್ದಿದೆ. ವೈದ್ಯರ ಬಳಿಗೆ ಹೋಗುವುದರಲ್ಲಿ ನಾಚಿಕೆಯಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ಸೇವೆಯ ಸಂಖ್ಯೆ 14416. ಹಗಲಿರುಳು, ಹಣವಿಲ್ಲದೆ ಅಲ್ಲಿ ಮಾತನಾಡಬಹುದು. ಮರಾಠಿ ಕನ್ನಡಗಳೆರಡೂ ಅಲ್ಲಿಯ ಭಾಷೆಗಳಲ್ಲಿವೆ. ಪೇಟೆಯಲ್ಲಿ ಮರಾಠಿಯನ್ನಾಡುವ ನಮ್ಮ ಮಕ್ಕಳಿಗೆ ದುಃಖವನ್ನು ತೋಡಿಕೊಳ್ಳಲು ಮನೆಯ ಮಾತೇ ಬೇಕಾಗಬಹುದು.

ಪ್ರಿಯ ವಿದ್ಯಾರ್ಥಿಗಳೆ, ಇನ್ನು ನಿಮಗೆ ಎರಡು ಮಾತು. ಗೆಳೆಯನೊಬ್ಬನು “ಬದುಕು ಸಾಕಾಗಿದೆ, ಯಾರಿಗೂ ಹೇಳಬೇಡ” ಎಂದರೆ ಆ ಗುಟ್ಟನ್ನು ನೀವೊಬ್ಬರೇ ಹೊರಬೇಡಿರಿ. ಅವನ ಮಾತನ್ನು ಪೂರ್ತಿ ಕೇಳಿರಿ, ಅವನ ಸಂಗಡ ಇರಿರಿ, ಆದರೆ ನಂಬಿಗೆಯ ಹಿರಿಯರೊಬ್ಬರಿಗೆ ಕೂಡಲೇ ತಿಳಿಸಿರಿ. ಅದು ಚಾಡಿಯಲ್ಲ, ಗೆಳೆತನದ ಧರ್ಮ. ನೀರಿನ ಸೆಳವಿಗೆ ಸಿಕ್ಕ ಇಬ್ಬರು ಒಬ್ಬರನ್ನೊಬ್ಬರು ಅಪ್ಪಿಕೊಂಡರೆ ಇಬ್ಬರೂ ಮುಳುಗುತ್ತಾರೆ; ದಡದಲ್ಲಿದ್ದವನನ್ನು ಕೂಗಿ ಕರೆಯಲೇಬೇಕು. ನಿಮ್ಮ ಮನಸ್ಸಿಗೇ ಅಂಥ ಗಳಿಗೆ ಬಂದರೆ ಅದು ಪಾಪವೆಂದೂ ಹೇಡಿತನವೆಂದೂ ತಿಳಿದು ನುಂಗಿಕೊಳ್ಳಬೇಡಿರಿ. ಬಾಯಿಬಿಟ್ಟು ಹೇಳಿರಿ. ಮೊದಲನೆಯವರು ಕೇಳದಿದ್ದರೆ ಎರಡನೆಯವರಿಗೆ ಹೇಳಿರಿ. ಶಾಲೆಯ ಬಾಗಿಲೂ ನಮ್ಮ ಮನೆಯ ಬಾಗಿಲೂ ಯಾವ ಹೊತ್ತಿಗಾದರೂ ನಿಮಗೆ ತೆರೆದಿವೆ.

ಪಾಲಕ ಬಂಧುಗಳೆ, ಪರೀಕ್ಷೆಯ ಅಂಕಗಳು ಮುಂದಿನ ವರ್ಷ ಮತ್ತೆ ಬಂದಾವು. ಹೋದ ಮಗು ಬಾರದು. ಇಂದು ಸಂಜೆ ಮನೆಗೆ ಹೋದ ಮೇಲೆ, ಎಷ್ಟು ಅಂಕ ಬಂದವೆಂದು ಕೇಳುವುದಕ್ಕೆ ಮೊದಲು, ಹೇಗಿದ್ದೀ ಎಂದು ಮಗುವನ್ನು ಕೇಳಿರಿ. ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರಿ.