ಶೀತದೇಶದ ಕುಬ್ಜ ಪೊದೆಗಳು: ಎಲೆಯ ದುಡಿಮೆ, ಕುಡಿಯ ವಿರಾಮ



ನೀಲಗಿರಿಯ ಚೇರಂಬಾಡಿಯಲ್ಲಿ ನಿಂತು ಗಿಡಗಳ ಕುಬ್ಜತ್ವವನ್ನು ಕುರಿತು ಮಾತನಾಡಹೊರಟವನು ನಿದರ್ಶನವನ್ನರಸಿಕೊಂಡು ದೂರ ಹೋಗಬೇಕಾಗಿಲ್ಲ. ಈ ಬಾಗಿಲನ್ನು ದಾಟಿದೊಡನೆ ಕಣ್ಣಿಗೆ ಬೀಳುವ, ಸೊಂಟದೆತ್ತರಕ್ಕೆ ಹಾಸುಮಣೆಯಂತೆ ಸಮನಾಗಿ ಹಬ್ಬಿರುವ ಚಹದ ಗಿಡಗಳು ಹುಟ್ಟಿನಿಂದ ಪೊದೆಗಳೇ ಅಲ್ಲ. ಅವು ಮರಗಳು, ಕತ್ತಿಯ ಕಟ್ಟುಪಾಡಿನಿಂದ ಪೊದೆಗಳಾಗಿ ಉಳಿದಿರುವ ಮರಗಳು. ತಮಿಳಿನಲ್ಲಿ ಕವಾತ್ತು ಎಂದು ಕರೆಯುವ ಆ ಸವರುವಿಕೆಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಮಾಡದೆ ಬಿಟ್ಟದ್ದೇ ಆದರೆ, ಇಂದು ನಮ್ಮ ಮಕ್ಕಳು ಬಗ್ಗಿ ನೋಡುವ ಗಿಡವನ್ನು ಅವರ ಮಕ್ಕಳು ತಲೆಯೆತ್ತಿ ನೋಡಬೇಕಾದೀತು. ಇಲ್ಲಿ ಮನುಷ್ಯನ ಕತ್ತಿಯು ಮಾಡುವ ಕೆಲಸವನ್ನು ಭೂಮಿಯ ಉತ್ತರದ ತುದಿಯಲ್ಲಿಯೂ ಉನ್ನತ ಪರ್ವತಗಳ ನೆತ್ತಿಯಲ್ಲಿಯೂ ಚಳಿಯು ಹೇಗೆ ಮಾಡುತ್ತದೆ ಎಂಬುದೇ ಇಂದಿನ ನನ್ನ ವಿಷಯ.

1732ರಲ್ಲಿ ತರುಣ ಲಿನೇಯಸನು ಲ್ಯಾಪ್‌ಲ್ಯಾಂಡಿನ ಕಾಡುಜೌಗುಗಳಲ್ಲಿ ಸಂಚರಿಸುವಾಗ ಕಂಡು ಮೆಚ್ಚಿದ ಸಸ್ಯಗಳಲ್ಲಿ ಗೇಣುದ್ದವೂ ಬೆಳೆಯದ ಪೊದೆಗಳು ಹಲವಿದ್ದವು. ಜೌಗಿನ ನೀರಿನಲ್ಲಿ ನಿಂತ ಒಂದು ನಸುಗೆಂಪು ಹೂವಿನ ಪೊದೆಗೆ, ಬಂಡೆಗೆ ಬಿಗಿಯಲ್ಪಟ್ಟ ಗ್ರೀಕ್ ಪುರಾಣದ ರಾಜಕುಮಾರಿಯ ನೆನಪಿನಿಂದ, ಅವನು ಆಂಡ್ರೊಮೆಡಾ ಎಂಬ ಹೆಸರನ್ನಿಟ್ಟನು. ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕ ನೀರವಂಜಿ, ನೆಲಕ್ಕಂಟಿ ಹರಡುವ ಡ್ರಯಾಸ್, ಬಿಳಿ ಗಂಟೆಗಳನ್ನು ತೂಗಿಬಿಟ್ಟಂತೆ ಹೂಬಿಡುವ ಕ್ಯಾಸಿಯೋಪ್ ಮೊದಲಾದುವು ಆ ನಾಡುಗಳ ನಿವಾಸಿಗಳು. ಬೆರಳಿನಷ್ಟು ದಪ್ಪವಾದ ಕಾಂಡದೊಳಗೆ ಹಲವು ದಶಕಗಳ, ಕೆಲವೆಡೆ ನೂರಕ್ಕೂ ಮೀರಿದ ವರ್ಷಗಳ ಬಳೆಗಳು ಒತ್ತೊತ್ತಾಗಿ ಅಡಗಿರುತ್ತವೆ.

ಇಷ್ಟು ವರ್ಷ ಬದುಕಿಯೂ ಇವು ಬೆಳೆಯದಿರುವುದೇಕೆ? ಊಟ ಸಾಲದೆ ಬಡಕಲಾದವೆಂಬುದು ಒಡನೆ ಹೊಳೆಯುವ ಉತ್ತರ. ಬಹುಕಾಲ ವಿದ್ವಾಂಸರೂ ಹಾಗೆಯೇ ನಂಬಿದ್ದರು. ಆದರೆ ಅಲ್ಲಿಯ ಬೇಸಗೆಯಲ್ಲಿ ವಾರಗಟ್ಟಲೆ, ಬಹಳ ಉತ್ತರಕ್ಕೆ ಹೋದರೆ ತಿಂಗಳುಗಟ್ಟಲೆ, ಸೂರ್ಯನು ಮುಳುಗುವುದೇ ಇಲ್ಲ, ಬೆಳಕಿಗೆ ಬರವಿಲ್ಲ. ಬಾಸೆಲ್ ನಗರದ ಸಸ್ಯವಿಜ್ಞಾನಿ ಕ್ರಿಶ್ಚಿಯನ್ ಕೋರ್ನರ್ ಅವರು ಆಲ್ಪ್ಸ್ ಪರ್ವತದ ಸಸ್ಯಗಳನ್ನು ದೀರ್ಘಕಾಲ ಅಭ್ಯಸಿಸಿ ಎತ್ತಿತೋರಿದ ವಿಷಯವು ಬೇರೆಯದೇ ಆಗಿದೆ. ಉಷ್ಣತೆ ಐದು ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಾಗಲೂ ಇಂಥ ಸಸ್ಯದ ಎಲೆಯು ತನ್ನ ಪೂರ್ಣಶಕ್ತಿಯ ಅರ್ಧದಷ್ಟೋ ಅದಕ್ಕೂ ಹೆಚ್ಚೋ ವೇಗದಲ್ಲಿ ಗಾಳಿಯ ಇಂಗಾಲವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತಲೇ ಇರುತ್ತದೆ. ಆದರೆ ಅದೇ ಐದು ಡಿಗ್ರಿಯ ಆಸುಪಾಸಿನಲ್ಲಿ ಹೊಸ ಜೀವಕೋಶಗಳು ಹುಟ್ಟಿ ಹಿಗ್ಗುವ ಕಾರ್ಯವು ಬಹುಮಟ್ಟಿಗೆ ನಿಂತುಹೋಗುತ್ತದೆ. ಕಣಜದಲ್ಲಿ ದವಸವಿದೆ, ಕಟ್ಟುವ ಕೈಗಳು ಮರಗಟ್ಟಿವೆ. ದ್ಯುತಿಸಂಶ್ಲೇಷಣೆಯೇ ಬೇರೆ, ಬೆಳವಣಿಗೆಯೇ ಬೇರೆ. ಚಳಿಯು ಮೊದಲು ಕಟ್ಟಿಹಾಕುವುದು ಎರಡನೆಯದನ್ನು.

ತೋಟದಲ್ಲಿ ದುಡಿದವರಿಗೆ ಈ ಮಾತು ತೀರ ಹೊಸದಲ್ಲ. ಶ್ರೀಲಂಕೆಯಿಂದ ಮರಳಿಬಂದ ಕುಟುಂಬಗಳಿಗೆ ನೆಲೆಗಾಣಿಸಲೆಂದು ಸರ್ಕಾರವು 1968ರಲ್ಲಿ ಆರಂಭಿಸಿದ ತೋಟಗಳಲ್ಲಿಯೂ, ಅದಕ್ಕೂ ಹಳೆಯವಾದ ಖಾಸಗಿ ತೋಟಗಳಲ್ಲಿಯೂ ಎಲೆ ಕಿತ್ತ ಕೈಗಳಿಗೆ ಬಂಜಿ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ: ಎಲೆಯೆಲ್ಲ ಹಸುರಾಗಿ ಬಿಸಿಲು ಕಾಯುತ್ತಿದ್ದರೂ ಕುಡಿಯು ಮಾತ್ರ ಮುಚ್ಚಿಕೊಂಡು ಸುಮ್ಮನಿರುವ ಸ್ಥಿತಿ. ಬಂಜಿಗೆ ಗಿಡದ ಸ್ವಭಾವವೂ ಕಾರಣ, ಚಳಿಯೂ ಕಾರಣ. ನಮ್ಮಲ್ಲಿ ಕೆಲವು ವಾರಗಳಿದ್ದು ಹೋಗುವ ಈ ಬಂಜಿಯು ಉತ್ತರಧ್ರುವದ ಕುಬ್ಜ ಪೊದೆಗೆ ವರ್ಷದಲ್ಲಿ ಒಂಬತ್ತು ಹತ್ತು ತಿಂಗಳು ಇರುವುದೆಂದು ಭಾವಿಸಿಕೊಂಡರೆ, ಅದು ವರ್ಷಕ್ಕೆ ಒಂದು ಅಂಗುಲ ಬೆಳೆಯುವುದೂ ಸಾಹಸವೆಂದು ತೋರದಿರದು.

ಹಾಗಾದರೆ ಗಿಡ್ಡವಾಗಿರುವುದು ಬರಿಯ ಸೋಲೇ? ಅಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಎತ್ತರದ ಮರದ ಎಲೆಗೆ ಬೀಸುಗಾಳಿಯ ಶೀತವೇ ಗತಿ. ನೆಲಕ್ಕಂಟಿದ ಪೊದೆಯಾದರೋ ತನ್ನ ಒತ್ತಾದ ಕೊಂಬೆಗಳ ನಡುವೆ ಗಾಳಿಯನ್ನು ನಿಲ್ಲಿಸಿ, ಬಿಸಿಲೇರಿದಾಗ ಸುತ್ತಣ ಹವೆಗಿಂತ ಎಷ್ಟೋ ಡಿಗ್ರಿ ಹೆಚ್ಚು ಬೆಚ್ಚಗಿನ ಒಂದು ಪುಟ್ಟ ಹವಾಮಾನವನ್ನು ತನಗಾಗಿಯೇ ನಿರ್ಮಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಹಿಮದ ಹೊದಿಕೆಯು ಅದನ್ನು ಮೇಲಿನ ಕೊರೆಯುವ ಗಾಳಿಯಿಂದ ಕಾಪಾಡುತ್ತದೆ. ಎಲೆ ಕಟ್ಟುವುದು ದುಬಾರಿಯ ಕೆಲಸವಾದುದರಿಂದ ಎಷ್ಟೋ ಪೊದೆಗಳು ಒಮ್ಮೆ ಕಟ್ಟಿದ ದಪ್ಪನೆಯ ಎಲೆಯನ್ನು ಹಲವು ವರ್ಷ ಉಳಿಸಿಕೊಂಡು, ಹಿಮ ಕರಗಿದ ದಿನವೇ ದುಡಿಮೆಗೆ ತೊಡಗುತ್ತವೆ.

ಇನ್ನು ನಮ್ಮ ಬೆಟ್ಟಕ್ಕೆ ಬರೋಣ. ಇಬ್ಬನಿ ಹೆಪ್ಪುಗಟ್ಟುವ ಕಷ್ಟವು ಸಾಮಾನ್ಯವಾಗಿ ಚೇರಂಬಾಡಿಗಿಲ್ಲ. ಆದರೆ ಪಂದಲೂರು, ದೇವಾಲ, ಗೂಡಲೂರುಗಳನ್ನು ದಾಟಿ, ನಡುವಟ್ಟದ ಘಟ್ಟವನ್ನೇರಿ, ಪೈಕಾರದ ಮೇಲೆ ಉದಕಮಂಡಲದತ್ತ ಹೊರಟವರು, ನವೆಂಬರಿನಿಂದ ಫೆಬ್ರವರಿಯವರೆಗಿನ ಮೋಡವಿಲ್ಲದ ಬೆಳಗುಗಳಲ್ಲಿ ತಗ್ಗಿನ ಹುಲ್ಲುಗಾವಲುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿರುವುದನ್ನು ಕಂಡೇ ಇರುತ್ತಾರೆ. ತಮಿಳಿನಲ್ಲಿ ಇದಕ್ಕೆ ಉರೈಪನಿ ಎಂದು ಹೆಸರು. ನೆಲವು ತನ್ನ ಕಾವನ್ನು ನಿರಭ್ರವಾದ ಆಕಾಶಕ್ಕೆ ಬಿಟ್ಟುಕೊಡುವುದು. ತಣಿದು ಭಾರವಾದ ಗಾಳಿಯು ನೀರಿನಂತೆ ಹರಿದು ತಗ್ಗಿನಲ್ಲಿ ಮಡುಗಟ್ಟುವುದು. ಹೀಗಾಗಿ ದಿಬ್ಬಕ್ಕಿಂತ ಕಣಿವೆಗೇ ಹೆಚ್ಚು ಪೆಟ್ಟು.

ಎಲೆಯನ್ನು ಕೊಲ್ಲುವುದು ರಾತ್ರಿಯ ಚಳಿಯೊಂದೇ ಅಲ್ಲ, ಅದರ ಬೆನ್ನಿಗೇ ಬರುವ ಪ್ರಖರವಾದ ಬೆಳಗೂ ಹೌದು ಎಂಬುದನ್ನು ಇಲ್ಲಿ ಗಮನಿಸಬೇಕು. ಪತ್ರಹರಿತ್ತು ಬೆಳಕನ್ನು ಹೀರುವ ಕೆಲಸವು ಚಳಿಗೆ ಹೆಚ್ಚು ಅಂಜುವುದಿಲ್ಲ. ಹೀರಿದ ಶಕ್ತಿಯನ್ನು ಬಳಸಿ ಸಕ್ಕರೆ ಮಾಡಬೇಕಾದ ಕಿಣ್ವಗಳಾದರೋ ಚಳಿಯಲ್ಲಿ ಜಡವಾಗುತ್ತವೆ. ಆದುದರಿಂದ ಏಳು ಗಂಟೆಯ ಬಿಸಿಲಿನಲ್ಲಿ ಎಲೆಯೊಳಗೆ ಶಕ್ತಿಯು ತೂಬು ಮುಚ್ಚಿದ ಕೆರೆಯ ನೀರಿನಂತೆ ಉಕ್ಕೇರಿ, ಎಲೆಯ ಯಂತ್ರವನ್ನೇ ಒಡೆಯತೊಡಗುವುದು. ಶೀತಕ್ಕೆ ಒಗ್ಗಿದ ಸಸ್ಯಗಳು ಇದಕ್ಕೆ ಕೋಡಿಯನ್ನಿಟ್ಟುಕೊಂಡಿವೆ: ಎಲೆಯಲ್ಲಿರುವ ಕೆಲವು ಹಳದಿ ವರ್ಣದ್ರವ್ಯಗಳು ಹೆಚ್ಚಾದ ಶಕ್ತಿಯನ್ನು ಕಾವಾಗಿ ಹೊರಚೆಲ್ಲುತ್ತವೆ, ಎಳೆಯ ಎಲೆಯ ಕೆಂಪು ಬಣ್ಣವು ಬೆಳಕನ್ನು ತಡೆಯುತ್ತದೆ. ಶೋಲೆಯೆಂದು ಕರೆಯುವ ನಮ್ಮ ಮಲೆಗಾಡಿನ ಎಷ್ಟೋ ಮರಗಳ ಸಸಿಗಳಿಗೆ ಬಯಲಿನಲ್ಲಿ ಈ ರಕ್ಷಣೆ ಸಾಲದು. ಹುಲ್ಲುಗಾವಲಿನೊಳಕ್ಕೆ ಕಾಡು ಕಾಲಿಡದಂತೆ ತಡೆದಿರುವುದು ಈ ಹೆಪ್ಪುಗಟ್ಟುವ ಇಬ್ಬನಿಯೇ ಎಂದು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಸ್ಯವಿಜ್ಞಾನಿ ವಿ. ಎಂ. ಮೆಹರ್-ಹೋಂಜಿಯವರು ವಾದಿಸಿದರು; ಅಲ್ಲ, ಮನುಷ್ಯನ ಬೆಂಕಿ ಮತ್ತು ಕೊಡಲಿಗಳೇ ಎಂದು ಬೇರೆಯವರು ವಾದಿಸಿದರು.

ಈ ವಿವಾದಕ್ಕೆ ಉತ್ತರವು ದೊರೆತುದು ದ್ಯುತಿಸಂಶ್ಲೇಷಣೆಯಿಂದಲೇ ಎಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಉಷ್ಣದೇಶದ ಅನೇಕ ಹುಲ್ಲುಗಳು ಇಂಗಾಲವನ್ನು ಒಂದು ಬಗೆಯಲ್ಲಿ ಹಿಡಿಯುತ್ತವೆ. ಮರಗಳೂ ಶೀತದೇಶದ ಪೊದೆಗಳೂ ಇನ್ನೊಂದು ಬಗೆಯಲ್ಲಿ ಹಿಡಿಯುತ್ತವೆ. ಹಿಡಿದ ಇಂಗಾಲದಲ್ಲಿ ಭಾರವಾದ ಪರಮಾಣುಗಳ ಪ್ರಮಾಣವು ಈ ಎರಡು ಬಗೆಗಳಲ್ಲಿ ಬೇರೆಬೇರೆ. ಸಸ್ಯವು ಸತ್ತು ಸಾವಿರಾರು ವರ್ಷಗಳಾದರೂ ಆ ಗುರುತು ಅಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರರೂ ಅವರ ಸಹೋದ್ಯೋಗಿಗಳೂ ನೀಲಗಿರಿಯ ಜೌಗುಗಳ ಕಪ್ಪು ಪೀಟ್ ಮಣ್ಣನ್ನು ಪದರಪದರವಾಗಿ ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಜಗತ್ತಿನ ಉತ್ತರದ ವಿಶಾಲ ಭೂಭಾಗಗಳು ಹಿಮದಡಿ ಹೂತಿದ್ದ ಕಾಲದಲ್ಲಿಯೇ, ಇಲ್ಲಿ ಹುಲ್ಲುಗಾವಲಿದ್ದಿತು. ಕೊಡಲಿಯ ಮಾತು ಅಲ್ಲಿಗೆ ಮುಗಿಯಿತು.

ಆ ಹುಲ್ಲಿನ ನಡುವೆ ಒಂಟಿಯಾಗಿ ನಿಂತು ಕೆಂಪು ಹೂವನ್ನು ಹೊರುವ ನೀಲಗಿರಿಯ ರೋಡೊಡೆಂಡ್ರಾನ್ ಹಿಮಾಲಯದ ಕುಲದ್ದು. ಅದರ ಅಲ್ಲಿಯ ಬಂಧುಗಳು ಸುಮಾರು ಎರಡು ಸಾವಿರ ಕಿಲೋಮೀಟರಿನಾಚೆ ಇವೆ. ಗಾಳಿ ಬಡಿಯುವ ನೆತ್ತಿಗಳಲ್ಲಿ ಅದು ಮರವಾಗುವ ಆಸೆಯನ್ನು ಬಿಟ್ಟು, ಗಂಟುಗಂಟಾಗಿ ತಿರುಚಿಕೊಂಡ ಕುಳ್ಳ ದೇಹದಲ್ಲಿ ತೊಗಲಿನಂಥ ಎಲೆಗಳನ್ನು ಹೊತ್ತು ನಿಲ್ಲುತ್ತದೆ. ಎಲೆಯನ್ನು ಹಿಸುಕಿದರೆ ನೋವಿನೆಣ್ಣೆಯ ವಾಸನೆ ಬರುವ ಗಾಲ್ತೇರಿಯವೂ ಅದರ ನೆರೆಯದೇ, ಅದರ ವಂಶದ್ದೇ. ಲಿನೇಯಸನ ಆಂಡ್ರೊಮೆಡೆಯೂ ಇದೇ ವಂಶದ್ದು. ಇವುಗಳ ನಡುವೆ ಬಿಳಿಯರು ತವರಿನ ನೆನಪಿಗೆಂದು ತಂದ ಸ್ಕಾಚ್ ಬ್ರೂಮ್, ಗೋರ್ಸ್ ಎಂಬ ಹಳದಿ ಹೂವಿನ ಪೊದೆಗಳೂ ಇವೆ. ಎಲೆ ಉದುರಿದರೂ ಹಸುರು ಕಾಂಡದಿಂದಲೂ ಮುಳ್ಳಿನಿಂದಲೂ ಇವು ಆಹಾರವನ್ನು ತಯಾರಿಸಬಲ್ಲವು. ಬೇರಿನ ಗಂಟುಗಳಲ್ಲಿ ಸಾರಜನಕವನ್ನೂ ಕೂಡಿಡಬಲ್ಲವು. ತಂದವರು ಹೋದರು, ಪೊದೆಗಳು ಹುಲ್ಲುಗಾವಲನ್ನು ನುಂಗುತ್ತಾ ಉಳಿದವು.

ಅವುಗಳಿಗಿಂತ ಹೆಚ್ಚಿನ ಹಾನಿಯನ್ನು ಮಾಡಿದುದು, ಮರವಿಲ್ಲದ ಭೂಮಿಯೆಲ್ಲ ಪಾಳುಭೂಮಿಯೆಂಬ ನಮ್ಮ ಎಣಿಕೆ. ಆ ಎಣಿಕೆಯಿಂದಲೇ ವಾಟಲ್, ನೀಲಗಿರಿ ಮರ, ಪೈನುಗಳು ಇಪ್ಪತ್ತು ಸಾವಿರ ವರ್ಷದ ಹುಲ್ಲುಗಾವಲಿನ ಮೇಲೆ ಸಾಲುಸಾಲಾಗಿ ನೆಡಲ್ಪಟ್ಟವು. ಸಭಿಕರಲ್ಲಿ ನನ್ನ ಬಿನ್ನಹ ಇಷ್ಟೆ: ಮೇಲಣ ಬೆಟ್ಟದ ಬಯಲಿನಲ್ಲಿ ಸಸಿ ನೆಡಲು ನಿಮ್ಮ ಮಕ್ಕಳನ್ನು ಯಾರಾದರೂ ಕರೆದರೆ, ದಯವಿಟ್ಟು ಕಳುಹಿಸಬೇಡಿ. ಬರುವ ಜನವರಿಯಲ್ಲಿ ಒಂದು ದಿನ ನಸುಕಿನಲ್ಲಿಯೇ ಅವರನ್ನು ಪೈಕಾರದಾಚೆಗೆ ಕರೆದೊಯ್ದು, ಬಿಳಿಯಾದ ಹುಲ್ಲಿನ ನಡುವೆ ಆ ಕುಳ್ಳ ರೋಡೊಡೆಂಡ್ರಾನಿನ ಎಲೆಯನ್ನು ಮುಟ್ಟಿಸಿ.