ತಿಗಣೆ ಬಂದರೆ ಮುಚ್ಚಿಡಬೇಡಿ



ಇವತ್ತಿನ ಮಾತು ತಿಗಣೆಯ ಬಗ್ಗೆ. ಹೌದು, ನೀವು ಬೆಡ್ ಬಗ್ ಅನ್ನುತ್ತೀರಲ್ಲ, ಅದೇ. ಕಾಲೇಜಿಗೋ ಮೊದಲ ಕೆಲಸಕ್ಕೋ ಮನೆ ಬಿಟ್ಟು ಬಾಡಿಗೆ ರೂಮಿಗೆ ಹೋಗುವ ವಯಸ್ಸು ನಿಮ್ಮದು. ಇದು ನಿಮಗೆ ಗೊತ್ತಿರಲಿ.

ನಾನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದಾಗ, ಯಾರೋ ಫುಟ್‌ಪಾತಿನಲ್ಲಿ ಬಿಟ್ಟುಹೋಗಿದ್ದ ಮರದ ಮಂಚವೊಂದನ್ನು ಖುಷಿಯಿಂದ ಹೊತ್ತು ತಂದೆ. ಕೆಲವೇ ದಿನಗಳಲ್ಲಿ ಕೈಮೇಲೆ ಕೆಂಪು ಗುಳ್ಳೆಗಳು. ಅಲರ್ಜಿ ಅಂದುಕೊಂಡೆ. ಒಂದು ರಾತ್ರಿ ಫೋನಿನ ಬೆಳಕಲ್ಲಿ ಹಾಸಿಗೆಯ ಹೊಲಿಗೆ ಬಿಡಿಸಿ ನೋಡಿದರೆ, ಸೇಬಿನ ಬೀಜದಷ್ಟು ದೊಡ್ಡ, ಚಪ್ಪಟೆಯಾದ ಕಂದು ಹುಳ. ಸುತ್ತ ಶಾಯಿ ಚುಕ್ಕೆಯಂಥ ಕಪ್ಪು ಕಲೆಗಳು. ಗೊತ್ತಾಯಿತು. ಆದರೂ ಯಾರಿಗೂ ಹೇಳಲಿಲ್ಲ. ‘ಅವರ ಮನೆ ಗಲೀಜು’ ಅಂತ ಜನ ಆಡಿಕೊಂಡರೆ?

ಅದೇ ತಿಂಗಳು ಗೆಳೆಯರೊಬ್ಬರ ಮನೆಯಲ್ಲಿ ಯುಗಾದಿ ಊಟ. ನಮ್ಮವರ ಮನೆಗಳಲ್ಲಿ ಹೇಗೆ ಅಂತ ನೀವೇ ನೋಡಿದ್ದೀರಿ, ಬಂದವರ ಕೋಟುಗಳೆಲ್ಲ ಬೆಡ್‌ರೂಮಿನ ಮಂಚದ ಮೇಲೆ ಒಂದು ರಾಶಿ. ನನ್ನದೂ ಅಲ್ಲೇ ಬಿತ್ತು. ಒಂದೂವರೆ ತಿಂಗಳ ನಂತರ ಅವರ ಪುಟ್ಟ ಮಗಳ ಕುತ್ತಿಗೆಯ ಮೇಲೂ ಗುಳ್ಳೆಗಳು. ನನ್ನ ಕೋಟಿನಿಂದಲೇ ಹೋಯಿತು ಅಂತ ಆಣೆ ಮಾಡಲಾರೆ. ಆದರೆ ಮೊದಲೇ ಬಾಯಿ ಬಿಡಬೇಕಿತ್ತು ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

ತಿಗಣೆ ಬರುವುದಕ್ಕೂ ಕೊಳಕಿಗೂ ಸಂಬಂಧವಿಲ್ಲ. ಅದಕ್ಕೆ ಬೇಕಾದ್ದು ನಮ್ಮ ರಕ್ತ, ಅಡಗಿಕೊಳ್ಳಲು ಒಂದು ಸಂದು, ಅಷ್ಟೆ. ಹಾರುವುದಿಲ್ಲ, ಜಿಗಿಯುವುದಿಲ್ಲ, ಸೂಟ್‌ಕೇಸು, ಬ್ಯಾಗು, ಹಳೆಯ ಸೋಫಾ ಹತ್ತಿ ಬರುತ್ತದೆ. ದುಬಾರಿ ಹೋಟೆಲುಗಳಿಗೂ ಬರುತ್ತದೆ. 2023ರಲ್ಲಿ ಪ್ಯಾರಿಸ್ ನಗರವೇ ತಿಗಣೆಯ ಗಾಬರಿಯಲ್ಲಿತ್ತು. ದೇವರುಗಳೂ ತಿಗಣೆಗೆ ಹೆದರಿದ್ದರು ಅಂತ ತಮಾಷೆ ಮಾಡುವ ಹಳೆಯ ಸಂಸ್ಕೃತ ಶ್ಲೋಕವೇ ಇದೆ. ಅಂದಮೇಲೆ ನಮ್ಮದೇನು?

ಇನ್ನೊಂದು ಸಮಾಧಾನ: ಕಚ್ಚಿದರೆ ತುರಿಕೆ, ನಿದ್ದೆಗೇಡು ನಿಜ; ಆದರೆ ಸೊಳ್ಳೆಯಂತೆ ರೋಗ ಹರಡುವುದು ಕಂಡುಬಂದಿಲ್ಲ. ಕೆಲವರಿಗೆ ಕಚ್ಚಿದ ಗುರುತೇ ಏಳುವುದಿಲ್ಲ. ಹಾಗಾಗಿ ರೂಮ್‌ಮೇಟ್ ಆರಾಮಾಗಿದ್ದಾನೆ ಅಂತ ಸುಮ್ಮನಾಗಬೇಡಿ. ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ; ಅವು ಒಂದೂವರೆ ವಾರದೊಳಗೆ ಒಡೆಯುತ್ತವೆ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ತಡ ಮಾಡಿದಷ್ಟೂ ಕಷ್ಟ, ಖರ್ಚು ಎರಡೂ ಜಾಸ್ತಿ.

ಹಾಗಾದರೆ ಏನು ಮಾಡಬೇಕು? ಒಂದು ಹುಳವನ್ನು ಅಂಟುಟೇಪಿನಲ್ಲಿ ಹಿಡಿದು ಫೋಟೋ ತೆಗೆಯಿರಿ. ಮನೆ ಮಾಲೀಕರಿಗೆ ಅವತ್ತೇ ಇಮೇಲ್ ಕಳಿಸಿ. ನ್ಯೂಯಾರ್ಕ್ ನಗರದಲ್ಲಿ ತಿಗಣೆ ಓಡಿಸುವುದು ಮಾಲೀಕರ ಜವಾಬ್ದಾರಿ. ಹಿಂದಿನ ಒಂದು ವರ್ಷದಲ್ಲಿ ಮನೆಗೆ ತಿಗಣೆ ಬಂದಿತ್ತೇ ಎಂಬುದನ್ನು ಹೊಸ ಬಾಡಿಗೆದಾರರಿಗೆ ಬರೆದು ತಿಳಿಸಬೇಕೆಂಬ ಕಾನೂನು 2010ರಲ್ಲೇ ಬಂತು. ನಿಮ್ಮ ಊರಿನ ನಿಯಮವನ್ನೂ ವಿಚಾರಿಸಿ.

ಕಚ್ಚುತ್ತದೆ ಅಂತ ಸೋಫಾಕ್ಕೆ ಹೋಗಿ ಮಲಗಬೇಡಿ; ಅಲ್ಲಿಗೂ ಬರುತ್ತದೆ. ಬಟ್ಟೆ, ಹೊದಿಕೆಗಳನ್ನು ಡ್ರೈಯರಿನ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ಓಡಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಹೊಲಿಗೆ, ಸಂದುಗಳಿಗೆ ವ್ಯಾಕ್ಯೂಮ್ ಹಿಡಿಯಿರಿ. ಹಾಸಿಗೆಗೆ ಪೂರ್ತಿ ಮುಚ್ಚುವ ಜಿಪ್ಪಿನ ಚೀಲ ಹಾಕಿ. ಊರಲ್ಲಿ ಅಜ್ಜಿಯರು ಹಾಸಿಗೆಯನ್ನು ಉರಿಬಿಸಿಲಿಗೆ ಹಾಕಿ, ಮಂಚದ ಸಂದಿಗೆ ಕುದಿಯುವ ನೀರು ಸುರಿಯುತ್ತಿದ್ದರು. ಅವರ ಲೆಕ್ಕ ಸರಿ: 50 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ತಿಗಣೆಯೂ ಮೊಟ್ಟೆಯೂ ಉಳಿಯವು. ಆದರೆ ನಮ್ಮ ಬಾಲ್ಕನಿಯ ಬಿಸಿಲು ಅಷ್ಟಕ್ಕೆ ಸಾಲದು.

ಅಂಗಡಿಯ ಹೊಗೆ ಡಬ್ಬ ಒಡೆಯಬೇಡಿ. ಆ ಹೊಗೆ ಸಂದಿಯೊಳಗೆ ಇಳಿಯುವುದಿಲ್ಲ. ಅನೇಕ ತಿಗಣೆಗಳಿಗೆ ಆ ಔಷಧಿ ಒಗ್ಗಿಯೂ ಹೋಗಿದೆ. ಸೀಮೆಎಣ್ಣೆ, ಆಲ್ಕೋಹಾಲ್ ಚಿಮುಕಿಸಿದರೆ ಬೆಂಕಿಯ ಅಪಾಯ. ತಿಳಿದವರನ್ನು ಕರೆಸಿ. ಉಳಿದ ಮೊಟ್ಟೆಗಳು ಒಡೆಯುವುದರಿಂದ ಔಷಧಿ ಹೊಡೆಯುವವರು ಒಮ್ಮೆ ಬಂದರೆ ಸಾಲದು, ಎರಡನೆಯ ಸಲವೂ ಬರಬೇಕಾಗುತ್ತದೆ.

ಕೊನೆಯ ಕೆಲಸ, ಎಲ್ಲಕ್ಕಿಂತ ಕಷ್ಟದ್ದು: ನೀವು ಹೋಗಿ ಬಂದ ಮನೆಗಳಿಗೆ ಫೋನ್ ಮಾಡಿ ಹೇಳುವುದು. ನಾನು ಕಡೆಗೂ ಆ ಗೆಳೆಯರ ಮನೆಗೆ ಫೋನ್ ಮಾಡಿ, ‘ನಮ್ಮನೇಲಿ ತಿಗಣೆ ಆಗಿದೆ, ನಿಮ್ಮ ಹಾಸಿಗೆನೂ ಒಮ್ಮೆ ನೋಡಿಬಿಡಿ’ ಅಂದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಆ ಮನೆಯ ಅಕ್ಕ ಅಂದರು: ‘ಅಯ್ಯೋ, ನಾವೂ ಒಂದು ವಾರದಿಂದ ನಿಮಗೆ ಹೇಗಪ್ಪಾ ಹೇಳೋದು ಅಂತ ಒದ್ದಾಡ್ತಿದ್ವಿ!’

ಎರಡೂ ಮನೆಯವರು ನಾಚಿಕೊಂಡು ಕೂತಿದ್ದೆವು. ನಾಚಿಕೆಯಿಲ್ಲದ ತಿಗಣೆ ಮಾತ್ರ ಎರಡೂ ಕಡೆ ಹೊಟ್ಟೆತುಂಬ ಉಣ್ಣುತ್ತಿತ್ತು.